ಅತ್ತಿಗೆಯ ಮಿಷಿನ್ ಬಿಚ್ಚಿದ ದಿನ

ಓಣಿಯ ಮಕ್ಕಳಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರ ಬಾಯಲ್ಲೂ ಅವಳು ಸ್ಪ್ಯಾನರಕ್ಕ. ಮನೆಯಲ್ಲಿ ಮಾತ್ರ, ವಯಸ್ಸು ಐವತ್ತು ದಾಟಿದ್ದರೂ, ಇನ್ನೂ ಪುಟ್ಟಿ. ನಗರಸಭೆಯಲ್ಲಿ ಕೆಟ್ಟ ನೀರಿನ ಮೀಟರು ರಿಪೇರಿ ಮಾಡುವ ಕೋಣೆಯಿದೆಯಲ್ಲ, ಅಲ್ಲಿ ಅವಳ ಕೆಲಸ. ಗೋಣಿಚೀಲದಲ್ಲಿ ಬಂದು ಬೀಳುವ ಮೀಟರುಗಳ ಹಿತ್ತಾಳೆಯ ಹೊಟ್ಟೆ ಬಿಚ್ಚಿ, ಮರಳು ತೊಳೆದು, ಹಲ್ಲು ಸವೆದ ಚಕ್ರ ಬದಲಿಸಿ, ಮತ್ತೆ ನೀರು ಹರಿಸಿ ಮುಳ್ಳು ತಿರುಗುವುದನ್ನು ನೋಡಬೇಕು. ಮುಳ್ಳು ತಿರುಗಿತೋ, ಮುಗಿಯಿತು. "ಹೊರಟ್ತು ನೋಡ್ರೋ, ಹೊರಟ್ತು!" ಎಂದು ಕೂಗಿಬಿಡುವಳು. ಎಷ್ಟೋ ವರ್ಷಗಳಿಂದ ಅದೇ ಮುಳ್ಳು, ಅದೇ ಕೂಗು. ಪಕ್ಕದ ಮೇಜಿನವರು ಕಿವಿಗೆ ಹತ್ತಿ ತುರುಕಿಕೊಳ್ಳುವುದೊಂದೇ ಬಾಕಿ.

ಮನೆಯ ಹಿಂದಿನ ಜಗಲಿಯಲ್ಲಿ ಅವಳದೇ ಒಂದು ಸಾಮ್ರಾಜ್ಯವಿತ್ತು. ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಮೇಜು, ಅದರ ಅಂಚನ್ನು ಕಚ್ಚಿ ಕೂತ, ಸಾಮಾನು ಬಿಗಿದು ಹಿಡಿಯುವ ಕಬ್ಬಿಣದ ವೈಸು, ಗೋಡೆಯ ಹಲಗೆಗೆ ತೂಗುಹಾಕಿದ ಸುತ್ತಿಗೆ, ಇಕ್ಕಳ, ಗರಗಸ, ಅರ. ಒಂದೊಂದು ಉಪಕರಣದ ಹಿಂದೆಯೂ ಅದರದೇ ಆಕಾರದ ಗೆರೆ ಎಳೆದಿಟ್ಟಿದ್ದಳು. ಯಾವುದಾದರೂ ಕಾಣೆಯಾದರೆ ಖಾಲಿ ಗೆರೆ ಕಣ್ಣಿಗೆ ಹೊಡೆಯಬೇಕು, ಕೂಡಲೇ "ಅಣ್ಣಾ!" ಎಂದು ಕಿರುಚಲು ಅನುಕೂಲವಾಗಬೇಕು. ಏಕೆಂದರೆ ಕಳ್ಳ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣನೇ. ಅಂಚೆ ಕಚೇರಿಯಿಂದ ನಿವೃತ್ತನಾಗಿ ಮನೆಯಲ್ಲಿದ್ದ ಆ ಮಹಾನುಭಾವ ಸ್ಕ್ರೂಡ್ರೈವರಿನಿಂದ ಡಬ್ಬಿ ತೆರೆಯುತ್ತಿದ್ದ, ಗೋಡೆ ಕೆರೆಯುತ್ತಿದ್ದ, ಬಣ್ಣ ಕಲಸುತ್ತಿದ್ದ. ಸ್ಕ್ರೂ ತಿರುಗಿಸುವುದೊಂದನ್ನು ಬಿಟ್ಟು ಅದರಿಂದ ಇನ್ನೆಲ್ಲವನ್ನೂ ಮಾಡುತ್ತಿದ್ದ.

ಸಂಜೆಯಾದರೆ ಜಗಲಿಯ ಮುಂದೆ ಜನ. ಮುರಿದ ಕುರ್ಚಿ, ಮುಚ್ಚದ ಪೆಟ್ಟಿಗೆ, ಸೋರುವ ನಲ್ಲಿ. ರಿಪೇರಿ ಪುಕ್ಕಟೆ, ಜೊತೆಗೆ ಬುದ್ಧಿಮಾತೂ ಪುಕ್ಕಟೆ. ಬೇಡವೆಂದರೂ ಬಿಡುತ್ತಿರಲಿಲ್ಲ. "ಸುತ್ತಿಗೆ ತಲೆ ಅಲ್ಲಾಡ್ತಿದ್ರೆ ನೀರಲ್ಲಿ ನೆನೆಹಾಕ್ತೀರಲ್ಲ, ನಿಮ್ಗೇನು ತಲೆ ಕೆಟ್ಟಿದ್ಯಾ? ಮರ ನೆಂದು ಉಬ್ಬತ್ತೆ, ಇವತ್ತು ಬಿಗಿಯಾಗತ್ತೆ. ನಾಳೆ ಒಣಗಿದ್ಮೇಲೆ ಇನ್ನೂ ಸಡಿಲ! ಎತ್ತಿ ಹೊಡೆದ್ರೆ ತಲೆ ಹಾರಿ ಎದುರಿನವರ ಹಣೆಗೆ. ಹಿಡಿ ತುದೀಲಿ ಸೀಳಿ ಒಂದು ಬೆಣೆ ಹೊಡೀರಿ, ಜನ್ಮ ಪೂರ್ತಿ ಅಲ್ಲಾಡಲ್ಲ," ಎಂದು ಗದರುವಳು. ಬೈಸಿಕೊಂಡವರು ನಗುತ್ತಾ ಹೋಗುತ್ತಿದ್ದರು, ಮಾರನೆಯ ವಾರ ಇನ್ನೊಂದನ್ನು ಹೊತ್ತು ತರುತ್ತಿದ್ದರು.

ಅವಳ ಮಾತುಗಳಲ್ಲೆಲ್ಲ ದೊಡ್ಡದು ಒಂದಿತ್ತು. "ಬಿಚ್ಚೋ ಮುಂಚೆ ಎಲ್ಲಿ ಸಿಕ್ಕಿದೆ ಅಂತ ನೋಡು. ಅವಸರ ಮಾಡ್ಬೇಡ, ಬಲ ಹಾಕ್ಬೇಡ." ಇದನ್ನವಳು ಚಿಕ್ಕಂದಿನಲ್ಲೇ ಪೆಟ್ಟು ತಿಂದು ಕಲಿತಿದ್ದಳು. ಅಪ್ಪನ ಅಲಾರಂ ಗಡಿಯಾರ ಬಿಚ್ಚಿ ಜೋಡಿಸಿದಾಗ ಒಂದು ಚಕ್ರ ಕೈಯಲ್ಲೇ ಉಳಿದುಹೋಗಿತ್ತು. ಗಡಿಯಾರವೇನೋ ನಡೆಯಿತು, ಆದರೆ ಹಿಂದಕ್ಕೆ. ಅಂದಿನಿಂದ ಏನೇ ಬಿಚ್ಚಲಿ, ಮೊಟ್ಟೆ ಇಡುವ ರಟ್ಟಿನ ಟ್ರೇ ಪಕ್ಕದಲ್ಲಿ ಇರಲೇಬೇಕು. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಆಮೇಲಿನದು ಆಮೇಲಿನ ಗುಳಿಗೆ. ಜೋಡಿಸುವಾಗ ಕೊನೆಯಿಂದ ಹಿಂದಕ್ಕೆ ಬಂದರಾಯಿತು.

ಇಂಥವಳಿಗೆ ಆ ಮನೆಯಲ್ಲಿ ಬಿಚ್ಚಲು ಸಿಗದೆ ಉಳಿದದ್ದು ಒಂದೇ ಒಂದು ವಸ್ತು, ಅತ್ತಿಗೆಯ ಹೊಲಿಗೆ ಮಿಷಿನ್.

ಅತ್ತಿಗೆ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು ಅದು. ಕಪ್ಪು ಮೈ, ಮೈಮೇಲೆ ಮಾಸಿದ ಬಂಗಾರದ ಬಣ್ಣದ ಬಳ್ಳಿ, ಕೆಳಗೆ ಕಾಲಿನಿಂದ ತುಳಿಯುವ ಕಬ್ಬಿಣದ ಜಾಲರಿ. ಮುಂದಿನ ಕೋಣೆಯ ಕಿಟಕಿಯ ಬಳಿ, ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಬಟ್ಟೆ ಸರಿದಾಗಲೆಲ್ಲ ಸ್ಪ್ಯಾನರಕ್ಕನ ಕೈ ನವೆ ಎದ್ದಂತೆ ತುರಿಸುತ್ತಿತ್ತು. "ಅತ್ತಿಗೆ, ಆ ಪಕ್ಕದ ಮುಚ್ಚಳ ಒಂದು ತೆಗೆದು ಒಳಗೆ ಇಣುಕ್ತೀನಿ, ಅಷ್ಟೇ," ಎಂದು ಅಂಗಲಾಚುವಳು. "ಬೇಡ ಪುಟ್ಟಿ, ಅದು ನಮ್ಮಮ್ಮಂದು," ಎಂದು ಅತ್ತಿಗೆ ಬಟ್ಟೆ ಎಳೆದು ಮುಚ್ಚಿಬಿಡುವರು. ಹೆಚ್ಚು ಮಾತಿನವರಲ್ಲ ಅವರು. ಯಾರಲ್ಲೂ ಏನನ್ನೂ ಕೇಳಿದವರಲ್ಲ. ಆದರೆ ಮಿಷಿನ್ ವಿಷಯದಲ್ಲಿ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

ದಿಂಬಿನ ಚೀಲ, ಅಕ್ಕಪಕ್ಕದವರ ಪ್ಯಾಂಟಿನ ಅಂಚು, ಇಷ್ಟರಲ್ಲೇ ಆ ಮಿಷಿನಿನ ಕಾಲ ಕಳೆದಿತ್ತು. ಈ ವರ್ಷ ಮಾತ್ರ ಓಣಿಯ ಹಿಂದಿನ ಶಾಲೆಯವರು ಹೊಸದಾಗಿ ಒಂದು ರಂಗಮಂದಿರ ಕಟ್ಟಿಸಿದ್ದರು. ಅದರ ದೊಡ್ಡ ಕೆಂಪು ಪರದೆ ಹೊಲಿಯುವ ಕೆಲಸವನ್ನು ಮುಖ್ಯೋಪಾಧ್ಯಾಯಿನಿ ಅತ್ತಿಗೆಗೆ ಒಪ್ಪಿಸಿದ್ದರು. ಭಾನುವಾರ ಸಂಜೆ ಮಕ್ಕಳ ನಾಟಕ, ಅಷ್ಟರೊಳಗೆ ಪರದೆ ತೂಗಬೇಕು. ಅತ್ತಿಗೆ ಆ ಬಟ್ಟೆ ಮನೆಗೆ ಬಂದ ದಿನದಿಂದ ಹಾಡು ಗುನುಗುತ್ತಿದ್ದರು. ಅವರಿಗೆ ಹಾಡು ಬರುತ್ತದೆಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಸ್ಪ್ಯಾನರಕ್ಕ ಮನೆಗೆ ಬಂದಾಗ ಹಾಡಿಲ್ಲ, ಮಿಷಿನಿನ ಸದ್ದೂ ಇಲ್ಲ. ಮುಂದಿನ ಕೋಣೆಯ ತುಂಬ ಕೆಂಪು ಬಟ್ಟೆ, ಅದರ ನಡುವೆ ಅತ್ತಿಗೆ, ಕಣ್ಣೂ ಕೆಂಪು.

"ಏನಾಯ್ತು?"

"ನಿಂತ್ಹೋಯ್ತು ಪುಟ್ಟಿ. ಕೆಲವು ದಿನದಿಂದ ಬಿಗಿ ಆಗ್ತಾ ಇತ್ತು. ದಪ್ಪ ಬಟ್ಟೆ ಅಲ್ವಾ ಅಂತ ನಾನೂ ತುಳಿದೆ. ಇವತ್ತು ಚಕ್ರಾನೇ ತಿರುಗ್ತಿಲ್ಲ."

ಅಣ್ಣ ಬಾಗಿಲಲ್ಲಿ ಗೆದ್ದವನ ಹಾಗೆ ನಿಂತಿದ್ದ. "ನೀನೇನೂ ತಲೆ ಕೆಡಿಸ್ಕೋಬೇಡ. ಅಂಗಡಿಗೆ ಫೋನ್ ಮಾಡಿದ್ದೀನಿ. ಸಂಜೆಗೆ ಕರೆಂಟಿನ ಹೊಸಾ ಮಿಷಿನ್ ತರ್ತಾನೆ, ಹಳೇದನ್ನ ಹೊತ್ಕೊಂಡು ಹೋಗ್ತಾನೆ. ನಾಳೆ ಪರದೆ ರೆಡಿ."

ಪಾಪ, ಅವನದೂ ಪ್ರೀತಿಯೇ. ಆದರೆ "ಹೊತ್ಕೊಂಡು ಹೋಗ್ತಾನೆ" ಎಂದಾಗ ಅತ್ತಿಗೆಯ ಕೈ ಮಿಷಿನಿನ ಮೈಮೇಲೆ ಬಿಗಿಯಾದದ್ದನ್ನು ಸ್ಪ್ಯಾನರಕ್ಕ ನೋಡಿದಳು. ಪರದೆ ಮುಗಿಯಬೇಕು, ಶಾಲೆಯವರಿಗೆ ಕೊಟ್ಟ ಮಾತು ಉಳಿಯಬೇಕು, ಅದಕ್ಕೆ ಅಮ್ಮನ ಮಿಷಿನನ್ನೇ ಬಿಟ್ಟುಕೊಡಲು ಅವರು ಬಾಯಿಮುಚ್ಚಿ ಒಪ್ಪಿಬಿಟ್ಟಿದ್ದರು. ಎಂಥ ಅನ್ಯಾಯ!

"ಸಂಜೆ ತನಕ ನಂಗೆ ಕೊಡಿ ಅತ್ತಿಗೆ."

ಅತ್ತಿಗೆ ಮಿಷಿನಿನ ಮೈಮೇಲಿಂದ ಮೆಲ್ಲಗೆ ಕೈ ತೆಗೆದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬಿಚ್ತೀಯಾ?" ಎಂದರು.

"ಬಿಚ್ತೀನಿ!"

ಅಯ್ಯಯ್ಯೋ, ಆ ಸಂತೋಷ ಏನು ಹೇಳಲಿ! ಅತ್ತಿಗೆಯ ಕಣ್ಣೀರಿನ ಮುಂದೆ ಹಾಗೆ ಹಲ್ಲು ಕಿರಿಯಬಾರದು ಎಂದು ಅವಳಿಗೂ ಗೊತ್ತಿತ್ತು. ಏನು ಮಾಡುವುದು, ತುಟಿ ತಾನಾಗಿ ಕಿವಿಯ ತನಕ ಹೋಯಿತು. ಊಟ ಬಿಟ್ಟಳು, ಚಪ್ಪಲಿ ಅಲ್ಲೇ ಬಿಸುಟಳು, ಜಗಲಿಗೆ ಓಡಿ ಮೊಟ್ಟೆಯ ಟ್ರೇ, ಚಿಂದಿ ಬಟ್ಟೆ, ಸಣ್ಣ ಸ್ಕ್ರೂಡ್ರೈವರ್ ಬಾಚಿಕೊಂಡು ಓಡಿಬಂದಳು.

ಶುರು ಚೆನ್ನಾಗಿಯೇ ಆಯಿತು. ಮೊದಲು ಚಕ್ರಕ್ಕೆ ಸುತ್ತಿದ ಚರ್ಮದ ಪಟ್ಟಿಯನ್ನು ಜಾರಿಸಿ ಕೆಳಗಿನ ತುಳಿಗೆಯನ್ನು ಕೈಯಲ್ಲಿ ಆಡಿಸಿದಳು. ಸಲೀಸು. "ಕಾಲಿನ ಕಡೆ ತಪ್ಪಿಲ್ಲ, ತಪ್ಪು ತಲೆ ಕಡೆ," ಎಂದಳು. ಸೂಜಿ ತೆಗೆದಳು, ಕೆಳಗಿನ ನೂಲು ಸುತ್ತುವ ಬಾಬಿನ್ ತೆಗೆದಳು. ಅಲ್ಲಿ ನೂಲಿನ ಒಂದು ತುಣುಕು, ಬೆರಳುಗಾತ್ರದ ಧೂಳಿನ ಉಂಡೆ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಚಕ್ರ ಅಲ್ಲಾಡಿಸಿ ನೋಡಿದರೆ ಊಹೂಂ, ಹಾಗೇ ಬಿಗಿ. "ಕೆಳಗಲ್ಲ! ಎಡಗಡೆ ಮುಚ್ಚಳದೊಳಗೆ! ನಾನು ಹೇಳ್ಲಿಲ್ವಾ ನೀವು ಮದುವೆ ಆಗಿ ಬಂದ ದಿನವೇ, ಆ ಮುಚ್ಚಳ ತೆಗೆದು ನೋಡ್ತೀನಿ ಅಂತ?" ಎಂದು ಸ್ಕ್ರೂಡ್ರೈವರ್ ಇಟ್ಟು ಒಂದೇ ಸಲ ಜೋರಾಗಿ ತಿರುಗಿಸಿದಳು.

ಕರ್ರ್.

ತುದಿ ಜಾರಿತು. ಸ್ಕ್ರೂವಿನ ತಲೆಯ ಮೇಲಿನ ಸೀಳು ಒಂದು ಕಡೆ ತಿಂದುಹೋಯಿತು. ಸ್ಕ್ರೂಡ್ರೈವರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುದಿ ಒಂದು ಮೂಲೆ ಮುರಿದು ದುಂಡಗಾಗಿತ್ತು, ಮೇಲೆ ಹಸಿರು ಬಣ್ಣ ಮೆತ್ತಿತ್ತು.

"ಅಣ್ಣಾ!"

"ಗೇಟಿಗೆ ಬಳಿಯೋ ಬಣ್ಣದ ಡಬ್ಬಿ ತೆರೀಲಿಲ್ಲ, ಅದಕ್ಕೆ..." ಎಂದು ಅಣ್ಣ ಬಾಗಿಲಿನಿಂದ ಅರ್ಧ ಮಾಯವಾದ.

ಅವನಿಗೆ ಇನ್ನೂ ನಾಲ್ಕು ಮಾತು ಬಿಸಿಬಿಸಿ ಬೀಳಬೇಕಿತ್ತು. ಆದರೆ ಸ್ಪ್ಯಾನರಕ್ಕ ನಾಲಿಗೆ ಕಚ್ಚಿಕೊಂಡಳು. ಡಬ್ಬಿ ತೆರೆದವನು ಅವನಾದರೂ ತುದಿ ನೋಡದೆ ತಿರುಗಿಸಿದವಳು ಯಾರು? ಊರಿಗೆಲ್ಲ ಅವಸರ ಬೇಡ, ಬಲ ಬೇಡ ಎಂದು ಡಂಗುರ ಹೊಡೆಯುವವಳು ಯಾರು? ಅತ್ತಿಗೆಯೋ, ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಮಣೆಯ ಮೇಲೆ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಎದ್ದು ಒಂದು ಲೋಟ ನೀರು ಕುಡಿದಳು. ಸ್ಕ್ರೂವಿನ ಬುಡಕ್ಕೆ ಸೀಮೆಎಣ್ಣೆಯ ಒಂದು ತೊಟ್ಟು ಬಿಟ್ಟು, ಅದು ಇಳಿಯುವ ತನಕ ಜಗಲಿಗೆ ಹೋದಳು. ಸ್ಕ್ರೂಡ್ರೈವರನ್ನು ವೈಸಿನಲ್ಲಿ ಬಿಗಿದು ತುದಿಯನ್ನು ಅರದಿಂದ ಉಜ್ಜತೊಡಗಿದಳು. ಅತ್ತಿಗೆ ಹಿಂದೆಯೇ ಬಂದು ನಿಂತರು.

"ಉಳಿ ಥರ ಚೂಪು ಮಾಡ್ತಿಲ್ವಾ?"

"ಚೂಪು ಮಾಡಿದ್ರೆ ಮತ್ತೆ ಜಾರತ್ತೆ ಅತ್ತಿಗೆ. ಎರಡೂ ಕೆನ್ನೆ ಸಮ ಇರ್ಬೇಕು, ತುದಿ ಚಪ್ಪಟೆ ಇರ್ಬೇಕು. ಸೀಳಿನೊಳಗೆ ಕೂತ್ರೆ ಈ ಕಡೆ ಆ ಕಡೆ ಆಡಬಾರ್ದು. ಗಾತ್ರ ಸರಿ ಇದ್ರೆ ಸ್ಕ್ರೂ ತಾನೇ ಮಾತು ಕೇಳತ್ತೆ."

ಕೋಣೆಗೆ ಮರಳಿ, ಮುರಿದ ಗರಗಸದ ಬ್ಲೇಡಿನಿಂದ ತಿಂದುಹೋದ ಸೀಳನ್ನು ಕೂದಲಿನಷ್ಟು ಆಳ ಮಾಡಿದಳು. ಹೊಸ ತುದಿಯನ್ನು ಅದರೊಳಗೆ ಕೂರಿಸಿ, ಹಿಡಿಯ ತಲೆಗೆ ಸುತ್ತಿಗೆಯಿಂದ ಟಕ್ ಎಂದು ಸಣ್ಣಗೆ ತಟ್ಟಿದಳು. ಮೈಭಾರವನ್ನೆಲ್ಲ ಒತ್ತುವುದಕ್ಕೆ ಕೊಟ್ಟಳು, ತಿರುಗಿಸುವುದಕ್ಕೆ ಬೆರಳಿನಷ್ಟೇ ಬಲ. ಉಸಿರು ಬಿಗಿಹಿಡಿದಳು. ಅತ್ತಿಗೆಯೂ ಹಿಡಿದರು. ಬಾಗಿಲ ಸಂದಿಯಲ್ಲಿ ಅಣ್ಣನೂ ಹಿಡಿದಿರಬೇಕು.

ಚಿಟ್ ಎಂದು ಸ್ಕ್ರೂ ಸಡಿಲವಾಯಿತು.

"ಬಂತು! ಬಂತು ನೋಡಿ ಅತ್ತಿಗೆ!" ಎಂದು ಸ್ಪ್ಯಾನರಕ್ಕ ಅದನ್ನು ಟ್ರೇಯ ಗುಳಿಯಲ್ಲಿಟ್ಟು ಮುಚ್ಚಳ ತೆಗೆದಳು. ಅಷ್ಟು ವರ್ಷ ಹಂಬಲಿಸಿದ ಜಾಗ! ಮೂಗನ್ನೇ ಒಳಗೆ ತೂರಿಸಿದಳು. ಸೂಜಿಯನ್ನು ಎತ್ತಿ ಇಳಿಸುವ ಸರಳು, ಅದರ ಕೀಲು, ಪಕ್ಕದ ಸ್ಪ್ರಿಂಗು, ಎಲ್ಲದರ ಮೇಲೂ ಕಂದು ಬಣ್ಣದ ಅಂಟು, ಒಲೆಯ ಹಿಂದಿನ ಗೋಡೆಗೆ ಕಟ್ಟುವ ಜಿಡ್ಡಿನ ಹಾಗೆ. ಉಗುರಿನಿಂದ ಕೆರೆದು ಮೂಸಿ ನೋಡಿದಳು. ಮಿಷಿನ್ ಎಣ್ಣೆಯ ವಾಸನೆಯಲ್ಲ ಅದು. ತಲೆಗೆ ಹಚ್ಚುವ ಎಣ್ಣೆ!

ಪಿತ್ತ ನೆತ್ತಿಗೇರಿತು. "ಅಣ್ಣಾ! ಬಾ ಇಲ್ಲಿ! ಮಿಷಿನ್‌ಗೆ ತಲೆಗೆಣ್ಣೆ ಹಾಕಿದ್ಯಲ್ಲ, ನಿಂಗೆ ಬುದ್ಧಿ ಅನ್ನೋದೇನಾದ್ರೂ ಇದ್ಯಾ? ಅದು ಗಾಳಿಗೆ ಗಟ್ಟಿಯಾಗಿ ಗೋಂದಾಗತ್ತೆ ಅಂತ ಗೊತ್ತಿಲ್ವಾ? ಚೆನ್ನಾಗಿದ್ದ ಮಿಷಿನ್ ಉಸಿರು ಕಟ್ಟಿಸಿದ್ಯಲ್ಲ! ಯಾವ ಪೆದ್ದ ಮಾಡೋ ಕೆಲಸ ಇದು?"

ಅಣ್ಣ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ತನ್ನದಲ್ಲದ ತಪ್ಪಿಗೆ ಆ ಮನುಷ್ಯ ಬೈಸಿಕೊಂಡು ಸುಮ್ಮನೆ ನಿಂತದ್ದು ಅದೇ ಮೊದಲು.

"ಅವರಲ್ಲ ಪುಟ್ಟಿ," ಎಂದರು ಅತ್ತಿಗೆ. "ನಾನೇ."

ಸ್ಪ್ಯಾನರಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟಳು.

"ನಾನು ಚಿಕ್ಕೋಳಿದ್ದಾಗ ಅಮ್ಮ ವಾರ ವಾರ ನನ್ನ ತಲೆಗೆ ಎಣ್ಣೆ ಹಚ್ಚೋಳು. ಕೈಯಲ್ಲಿ ಉಳಿದದ್ದನ್ನ ಈ ಮಿಷಿನ್ ಮೈಗೆ ಸವರೋಳು. ನೀವಿಬ್ರೂ ನನ್ನ ಮಕ್ಕಳೇ ಅನ್ನೋಳು. ಅಮ್ಮ ಹೋದ್ಮೇಲೆ ನಾನೂ ಬಿಡಲಿಲ್ಲ. ಹೊರಗೆ ಸವರಿದ್ರೆ ಇಷ್ಟು ಹೊಳೆಯತ್ತಲ್ಲ, ಒಳಗೂ ಬಿಟ್ರೆ ಚೆನ್ನಾಗಿರತ್ತೆ ಅಂತ ತೂತಿಗೆಲ್ಲ ಹಾಕ್ತಿದ್ದೆ. ಬಿಗಿ ಆದಷ್ಟೂ ಜಾಸ್ತಿ ಹಾಕಿದೆ." ಅವರು ತಮ್ಮ ಅಂಗೈ ನೋಡಿಕೊಂಡರು. "ಅಂದ್ರೆ ನಾನೇ ಕೊಂದೆ ಅನ್ನು. ಹೋಗ್ಲಿ ಬಿಡು. ಅಂಗಡಿಯವನು ಬಂದ್ರೆ ತಗೊಂಡು ಹೋಗ್ಲಿ."

ಛೆ! ಸ್ಪ್ಯಾನರಕ್ಕನಿಗೆ ತನ್ನ ನಾಲಿಗೆಯನ್ನೇ ಇಕ್ಕಳದಲ್ಲಿ ಹಿಡಿದು ತಿರುಚಬೇಕೆನಿಸಿತು. ಏನು ಹೇಳಿ ಸಮಾಧಾನ ಮಾಡಲಿ ಎಂದು ತಡಕಾಡುತ್ತಾ ಬೆರಳಿನಿಂದ ಸರಳಿನ ಮೇಲಿನ ಅಂಟನ್ನು ಸುಮ್ಮನೆ ಉಜ್ಜಿದಳು. ಅಂಟು ಪದರವಾಗಿ ಎದ್ದಿತು. ಕೆಳಗೆ ಉಕ್ಕು ಹೊಸ ಚಮಚದ ಹಾಗೆ ಫಳ್ ಎಂದಿತು. ಇನ್ನೊಂದು ಕಡೆ ಉಜ್ಜಿದಳು, ಅಲ್ಲೂ ಫಳ್.

"ಅತ್ತಿಗೆ! ಎದ್ದು ಬನ್ನಿ ಇಲ್ಲಿ, ನೋಡಿ!" ಎಂದು ಅವರ ಕೈ ಹಿಡಿದು ಎಳೆದಳು. "ಇಷ್ಟು ಹಳೇ ಮಿಷಿನ್‌ನಲ್ಲಿ ತುಕ್ಕು ಒಂದು ಚುಕ್ಕೆ ಆದ್ರೂ ಇದ್ಯಾ? ನೀರು, ಗಾಳಿ ಯಾವುದನ್ನೂ ಹತ್ರ ಬಿಟ್ಟಿಲ್ಲ ನಿಮ್ಮ ಎಣ್ಣೆ. ತುಕ್ಕು ತಿಂದಿದ್ರೆ ನಾನಲ್ಲ, ಯಾರ ಕೈಲೂ ಆಗ್ತಿರ್ಲಿಲ್ಲ. ಇದು ಸತ್ತಿಲ್ಲ ಅತ್ತಿಗೆ, ಸಿಕ್ಕಿಹಾಕ್ಕೊಂಡಿದೆ ಅಷ್ಟೇ. ಬಿಡಿಸೋಣ!"

ಅದು ಸಮಾಧಾನದ ಸುಳ್ಳಾಗಿರಲಿಲ್ಲ, ಕಣ್ಣೆದುರಿನ ನಿಜ. ಅದಕ್ಕೇ ಅತ್ತಿಗೆ ಎದ್ದು ಬಂದರು.

ಆಮೇಲೆ ನೋಡಬೇಕಿತ್ತು ಆ ಕೋಣೆಯನ್ನು! ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ ಅಂಟನ್ನು ಮೆತ್ತಗೆ ಮಾಡಿದರು. ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟರು. ಸ್ಪ್ಯಾನರಕ್ಕ ಅಣ್ಣನ ಕೈಗೆ ಬೀಸಣಿಗೆ ಕೊಟ್ಟು ಕಿಟಕಿಯ ಕಡೆಗೆ ವಾಸನೆ ಬೀಸು ಎಂದಳು, ಬೆಂಕಿ ಹತ್ತೀತು, ಒಲೆಯ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ ಎಂದೂ ಎಚ್ಚರಿಸಿದಳು. ಕೊನೆಗೆ ಚಕ್ರ ಅಲ್ಲಾಡಿಸುವ ಹೊತ್ತು ಬಂತು. ಸ್ಪ್ಯಾನರಕ್ಕ ಕೈ ಇಟ್ಟಳು, ತೆಗೆದಳು. ಆ ಕೈಗೆ ಒಂದೇ ಗುಕ್ಕಿನಲ್ಲಿ ತಿರುಗಿಸಿಬಿಡುವ ಆಸೆ.

"ನೀವೇ ಮಾಡಿ ಅತ್ತಿಗೆ. ನನ್ನ ಕೈಗೆ ಇವತ್ತು ಬುದ್ಧಿ ಇಲ್ಲ. ಮುಂದಕ್ಕೊಂದು ಚೂರು, ಹಿಂದಕ್ಕೊಂದು ಚೂರು. ಬಲ ಹಾಕ್ಬೇಡಿ. ಎಲ್ಲಿ ತಡೆಯತ್ತೋ ಅಲ್ಲೇ ನಿಲ್ಲಿಸಿ ವಾಪಸ್ ಬನ್ನಿ."

ಅತ್ತಿಗೆಯ ಕೈಗೆ ಆ ಚಕ್ರ ಎಂದಿನಿಂದಲೋ ಗೊತ್ತು. ಮುಂದಕ್ಕೆ ಚೂರು, ಹಿಂದಕ್ಕೆ ಚೂರು. ಮೊದಲು ಕಾಳಿನಷ್ಟು ಸರಿಯಿತು, ಆಮೇಲೆ ಬೆರಳಿನಷ್ಟು. ಸಂದಿಗಳಿಂದ ಕಾಫಿ ಬಣ್ಣದ ಕೊಳೆ ಇಳಿಯತೊಡಗಿತು. ಸ್ಪ್ಯಾನರಕ್ಕ ಒರೆಸುತ್ತಾ, ತೊಟ್ಟು ಬಿಡುತ್ತಾ, "ಇನ್ನೊಂಚೂರು, ಇನ್ನೊಂಚೂರು" ಎಂದು ಗೋಗರೆಯುತ್ತಿದ್ದಳು. ಒಮ್ಮೆ ಅತ್ತಿಗೆಯ ಕೈ ತಟ್ಟನೆ ಹಗುರಾಯಿತು. ಚಕ್ರ ಪೂರ್ತಿ ಒಂದು ಸುತ್ತು ಬಂತು, ಸೂಜಿಯ ಸರಳು ಕೆಳಗಿಳಿದು ಮೇಲೆ ಬಂತು.

"ಹೊರಟ್ತು! ಹೊರಟ್ತು ನೋಡ್ರೋ!" ಎಂದು ಕೂಗಿದವರು ಯಾರು ಅಂದುಕೊಂಡಿರಿ? ಅತ್ತಿಗೆ! ಜನ್ಮದಲ್ಲಿ ದನಿ ಎತ್ತದ ಅತ್ತಿಗೆ!

ಬಾಗಿಲಲ್ಲಿ ಅಂಗಡಿಯವನು ಬಂದು ನಿಂತಿದ್ದ, ಹೆಗಲ ಮೇಲೆ ಹೊಸ ಮಿಷಿನಿನ ಪೆಟ್ಟಿಗೆ. ಒಳಗೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದಾರೆ, ಮನೆಯ ಯಜಮಾನ ಬೀಸಣಿಗೆ ಬೀಸುತ್ತಿದ್ದಾನೆ. ಅಂಗಡಿಯವನು ಹೆದರಿ, "ಆಮೇಲೆ ಬರ್ಲಾ ಸಾರ್?" ಎಂದ.

"ಬರಲೇ ಬೇಡಪ್ಪಾ," ಎಂದ ಅಣ್ಣ.

ಮಿಷಿನ್ ಎಣ್ಣೆಯನ್ನು ತೂತಿಗೊಂದು ತೊಟ್ಟಿನಂತೆ ಬಿಟ್ಟರು, ಟ್ರೇಯ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದು ಎಲ್ಲವನ್ನೂ ಜೋಡಿಸಿದರು. ಅತ್ತಿಗೆ ಆಸೆಯಿಂದ ಕೆಂಪು ಬಟ್ಟೆಗೆ ಕೈ ಹಾಕಿದರು. "ಊಹೂಂ! ಮೊದ್ಲು ಚಿಂದಿ ಮೇಲೆ ಓಡಿಸಿ. ಒಳಗಿನ ಕೊಳೆ ಎಣ್ಣೆ ಪೂರ್ತಿ ಕಾರಲಿ. ಇಲ್ದಿದ್ರೆ ಪರದೆ ತುಂಬಾ ಕಲೆ," ಎಂದು ಸ್ಪ್ಯಾನರಕ್ಕ ತಡೆದಳು. ಚಿಂದಿಯ ಮೇಲಿನ ಹೊಲಿಗೆ ಕಲೆಯಿಲ್ಲದೆ ಬೀಳತೊಡಗಿದ ಮೇಲೆಯೇ ಪರದೆ ಸೂಜಿಯ ಕೆಳಗೆ ಹೋದದ್ದು. ಆ ದಪ್ಪ ಬಟ್ಟೆಯನ್ನು ಎತ್ತಿ ಹಿಡಿಯುವ ಶಿಕ್ಷೆ ಬಣ್ಣದ ಡಬ್ಬಿ ತೆರೆದವನಿಗೆ. ಅವನು ತೋಳು ಸೋಲುವ ತನಕ ಹಿಡಿದ.

ಭಾನುವಾರ ಸಂಜೆ ಪರದೆ ತೂಗಿತು. ನಾಟಕದಲ್ಲಿ ಏನಾಯಿತೋ ಸ್ಪ್ಯಾನರಕ್ಕನಿಗೆ ಗೊತ್ತಿಲ್ಲ. ಪರದೆ ತೆರೆದಾಗೊಮ್ಮೆ, ಮುಚ್ಚಿದಾಗೊಮ್ಮೆ ಎದ್ದು ನಿಂತು ಚಪ್ಪಾಳೆ ಹೊಡೆದಳು, ಹಿಂದಿನವರಿಂದ "ಕೂತ್ಕೊಳ್ರೀ" ಎಂದು ಬೈಸಿಕೊಂಡಳು. ಪಕ್ಕದಲ್ಲಿ ಅತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಮುಂದಿನ ವಾರ ಎಣ್ಣೆ ಹಾಕುವ ದಿನ ಬಂತು. ಅತ್ತಿಗೆ ಎಂದಿನಂತೆ ತಲೆಗೆಣ್ಣೆಯ ಸೀಸೆ ತೆರೆದು ಅಂಗೈಗೆ ಸುರಿದುಕೊಂಡರು, ಮಿಷಿನ್ ಕಡೆಗೆ ತಿರುಗಿದರು, ನಿಂತುಬಿಟ್ಟರು. ಹೊಸ್ತಿಲಲ್ಲಿ ಕೂತು ಇಕ್ಕಳ ಒರೆಸುತ್ತಿದ್ದ ಸ್ಪ್ಯಾನರಕ್ಕ ನೋಡಿದಳು. ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅಂದರು, "ಪುಟ್ಟಿ, ಇಕ್ಕಳ ಅಲ್ಲಿಡು. ಬಾ ಇಲ್ಲಿ, ಕೂತ್ಕೋ."

"ನಂಗ್ಯಾಕೆ ಅತ್ತಿಗೆ, ನನ್ನ ತಲೆ ನೋಡಿದ್ದೀರಾ, ತೆಂಗಿನ ನಾರು."

"ಕೂತ್ಕೋ ಅಂದೆ."

ಮಿಷಿನಿನ ಮುಂದಿನ ಮಣೆಯ ಮೇಲೆ ಅತ್ತಿಗೆಯ ಮೊಣಕಾಲ ನಡುವೆ ಅವಳು ಕೂತಳು. ಅವಳ ಅಮ್ಮ ಹೋದಾಗ ಅವಳಿನ್ನೂ ಲಂಗದ ಹುಡುಗಿ. ಅಲ್ಲಿಂದೀಚೆಗೆ ಆ ತಲೆಯನ್ನು ಇನ್ನೊಬ್ಬರ ಕೈ ಮುಟ್ಟಿರಲಿಲ್ಲ. ಬಿಸಿ ಅಂಗೈ ನೆತ್ತಿಯ ಮೇಲೆ ಬಿದ್ದಾಗ ಅವಳಿಗೆ ಏನಾಯಿತೋ, ಕಣ್ಣು ತುಂಬಿಬಂತು. ಒಂದು ಗಂಟು ಬಾಚಣಿಗೆಗೆ ಸಿಕ್ಕಿತು. ಅವಳು ತಲೆ ಕೊಡವಿ, "ಎಳೆದ್ಬಿಡಿ ಅತ್ತಿಗೆ, ಪರವಾಗಿಲ್ಲ," ಎಂದಳು.

"ಸುಮ್ನಿರೇ. ಎಲ್ಲಿ ಸಿಕ್ಕಿದೆ ಅಂತ ಮೊದ್ಲು ನೋಡ್ಬೇಕು. ಅವಸರ ಮಾಡ್ಬಾರ್ದು, ಬಲ ಹಾಕ್ಬಾರ್ದು."

ಸಿಕ್ಕು ಮೆಲ್ಲಗೆ ಬಿಡಿಸಿ, ಎಣ್ಣೆ ಹಚ್ಚಿ, ಜಡೆ ಹಾಕಿ ಮುಗಿಸಿದ ಮೇಲೆ ಅತ್ತಿಗೆ ಕೈಯಲ್ಲಿ ಉಳಿದ ಎಣ್ಣೆಯನ್ನು ಮಿಷಿನಿನ ಕಪ್ಪು ಮೈಗೆ, ಹೊರಗಡೆ ಮಾತ್ರ, ಸವರಿದರು.